ಎರಡು ಸಲ ತಟ್ಟಿದರೆ

ನವೆಂಬರ್ 4

ದೊಡ್ಡವಳೇ,

ನಿನ್ನೆ ಹೊರಟವರು ನೆಟ್ಟಗೆ ಮೊದಲನೆಯ ಊರು ಮುಟ್ಟಿದ್ದೇವೆ. ನೀನು ಗೇಟಿನ ಹತ್ತಿರ ಮುಖ ಊದಿಸಿಕೊಂಡು ನಿಂತದ್ದು ತಿರುವಿನ ತನಕ ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ಸಲ ಕೈ ಬೀಸಿದ್ದರೆ ಕೈ ಸವೆದು ಹೋಗುತ್ತಿರಲಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೆಯ ನಿಮಿಷಕ್ಕೆ ಜಗಳಕ್ಕೆ ಇಳಿಯುತ್ತೇವೆ, ಮೂರನೆಯ ನಿಮಿಷಕ್ಕೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಾವು ತಂಗುವ ಊರುಗಳ ಪಟ್ಟಿಯನ್ನು ನಿನ್ನ ಔಷಧಿ ಅಂಗಡಿಯ ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಆಯಾ ಊರಿನ ಅಂಚೆ ಕಚೇರಿಗೆ ನನ್ನ ಹೆಸರು ಹಾಕಿ ಬರೆ, ನಾನು ಹೋಗಿ ಕೇಳಿ ತೆಗೆದುಕೊಳ್ಳುತ್ತೇನೆ.

ಗಾಡಿ ಚೆನ್ನಾಗಿದೆ. ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಹಳೆಯ ವ್ಯಾನು ಎಂದು ಯಾರೂ ಹೇಳಲಾರರು. ನಿಮ್ಮಪ್ಪ ಮಾಡಿದ ಮಂಚ ಕಿರುಗುಟ್ಟುವುದಿಲ್ಲ, ಒಲೆ ಅಲುಗುವುದಿಲ್ಲ. ಪಾತ್ರೆಗಳಿಗೆ ನಾನು ಹೊಲಿದ ಜೇಬುಗಳಲ್ಲಿ ಒಂದು ಚಮಚವೂ ಸದ್ದು ಮಾಡಲಿಲ್ಲ. ಅವರು ಡ್ರೈವರ್, ನಾನು ಕಂಡಕ್ಟರ್. ಹಿಂದಕ್ಕೆ ತೆಗೆಯುವಾಗಲೆಲ್ಲ ನಾನು ಇಳಿದು ಗಾಡಿಯ ಬೆನ್ನ ಹತ್ತಿರ ನಿಲ್ಲಬೇಕು. ಎರಡು ಸಲ ತಟ್ಟಿದರೆ ಬರಬಹುದು, ಒಂದು ಸಲ ತಟ್ಟಿದರೆ ನಿಲ್ಲಬೇಕು. ಬಸ್ಸಿನವರ ಪದ್ಧತಿಯಂತೆ. "ನಿನ್ನ ಕೈ ಬಿದ್ರೆ ಹಳೇ ಕಂಡಕ್ಟರನ ಕೈ ಬಿದ್ದ ಹಾಗೇ ಇರುತ್ತೆ ಕಣೇ, ಗಾಡಿಯೇ ಹೆದರುತ್ತೆ" ಎನ್ನುತ್ತಾರೆ.

ಈ ಕರಾವಳಿ ರಸ್ತೆಯ ಕೊನೆಯಲ್ಲಿರುವ ದೀಪಸ್ತಂಭದ ತನಕ ಹೋಗಿ ಬರಲು ನಲವತ್ತು ದಿನ ಎಂದು ನಾನು ಹೇಳಿದ್ದೇನೆ. "ಹದಿನೈದು ದಿನಕ್ಕೆ ವಾಪಸ್ ಬಂದೇ ಬರ್ತೀಯ" ಎಂದು ನೀನು ಅಳಿಯಂದಿರ ಎದುರು ಹೇಳಿದೆ. ನಾನು ಮೂವತ್ತು ವರ್ಷ ಹೊಲಿಗೆ ತರಗತಿ ನಡೆಸಿದವಳು. ಕತ್ತರಿಸಿದ ಬಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದವಳಲ್ಲ. ತುದಿ ಮುಟ್ಟದೆ ತಿರುಗುವುದಿಲ್ಲ.

ಅಮ್ಮ


ನವೆಂಬರ್ 9

ಅಮ್ಮಾ,

ನಿನ್ನ ಪತ್ರ ಓದುವಾಗ ಮೂರು ಸಲ ಬಾಯಿ ತೆರೆದೆ. ಉತ್ತರ ಕೇಳಲು ಎದುರಿಗೆ ನೀನೇ ಇರಲಿಲ್ಲ. ನಿನ್ನ ಅಳಿಯ ನಕ್ಕರು.

ಅಪ್ಪ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದಾರಾ? ನೀಲಿ ಮುಚ್ಚಳದ ಚಿಕ್ಕ ಬಾಟಲಿ. ಬೆಳಿಗ್ಗೆ ಒಂದು, ಸಂಜೆ ಒಂದು. ಬಿಸಿಲಿಗೆ ಕಣ್ಣು ಉರಿಯದಿರಲಿ ಎಂದು ಕೊಟ್ಟದ್ದು, ಬೇರೇನಲ್ಲ. ಮರೆಯದ ಹಾಗೆ ನೋಡಿಕೋ.

ಹದಿನೈದು ದಿನ ಎಂದದ್ದನ್ನು ಪಂಥ ಅಂದುಕೊಳ್ಳಬೇಡ. ಹದಿನೆಂಟನೇ ತಾರೀಖಿಗೆ ಒಮ್ಮೆ ಬಂದು, ನಾಲ್ಕು ದಿನ ಇದ್ದು, ಬೇಕಾದರೆ ಮತ್ತೆ ಹೊರಡಿ. ಗಾಡಿಗೂ ಸರ್ವಿಸ್ ಆದ ಹಾಗಾಗುತ್ತದೆ. ಮಕ್ಕಳೂ ಅಜ್ಜಿ ಅಜ್ಜಿ ಎನ್ನುತ್ತಿದ್ದಾರೆ.

ನಿನ್ನ ದೊಡ್ಡವಳು


ನವೆಂಬರ್ 16

ದೊಡ್ಡವಳೇ,

ಮಕ್ಕಳು ಅಜ್ಜಿ ಅಜ್ಜಿ ಎನ್ನುವುದರ ಅರ್ಥ ನನಗೆ ಗೊತ್ತಿಲ್ಲವೇ? ಅವರ ಪರೀಕ್ಷೆ ಹತ್ತಿರ ಬಂದಿದೆ, ಕೂರಿಸಿ ಓದಿಸಲು ಜನ ಬೇಕು. ಅದನ್ನು ನೇರವಾಗಿ ಕೇಳಿದ್ದರೆ ನೇರವಾಗಿಯೇ ಇಲ್ಲ ಎನ್ನುತ್ತಿದ್ದೆ. ಗಾಡಿಯ ಸರ್ವಿಸ್ ನೆಪ ಬೇಕಾಗಿರಲಿಲ್ಲ. ಹದಿನೆಂಟಕ್ಕೆ ನಾವು ಬರುವುದಿಲ್ಲ.

ನಾಲ್ಕು ಊರು ದಾಟಿದೆವು. ದೋಣಿ ಕಟ್ಟುವ ಊರಿನಲ್ಲಿ ಮರದ ಹೊಟ್ಟು ಹಾರಿ ಬಂದು ಹಾಸಿಗೆಯ ಮೇಲೆಲ್ಲ ಕೂತಿತ್ತು. ಮರುದಿನ ಇನ್ನೊಂದು ಊರಿನ ಕಡಲ ದಂಡೆಯಲ್ಲಿ ನಿಂತಾಗ ಪಕ್ಕದ ಚಹಾ ಅಂಗಡಿಯವಳು ಬಂದು ಗಾಡಿಯೊಳಗೆ ಇಣುಕಿದಳು. "ಇಬ್ಬರೇನಾ? ಪಾಪ, ಮಕ್ಕಳು ಮನೆಯಿಂದ ಓಡಿಸಿಬಿಟ್ರಾ?" ಅಂದಳು. "ಇಲ್ಲಮ್ಮ, ನಾವೇ ಅವರ ಕೈಗೆ ಸಿಗದ ಹಾಗೆ ಓಡಿಬಂದ್ವಿ" ಅಂದೆ. ಆಮೇಲೆ ಅವಳು ಕೊಟ್ಟ ಚಹಾ ಗಟ್ಟಿಯಾಗಿತ್ತು.

ಎಡಗಡೆಯ ಕನ್ನಡಿ ಒಡೆದಿದೆ. ಬೀದಿ ದೀಪದ ಕಂಬವೊಂದು ರಸ್ತೆಯ ಮೇಲೆಯೇ ಬಾಗಿಕೊಂಡಿತ್ತು. ಇಲ್ಲಿನ ರಸ್ತೆಗಳು ಬಲು ಇಕ್ಕಟ್ಟು, ಯಾರು ಓಡಿಸಿದರೂ ತಾಗುತ್ತಿತ್ತು. ಹೊಸ ಕನ್ನಡಿ ಹಾಕಿಸಿದ್ದೇವೆ. ನೀನು ಅದಕ್ಕೊಂದು ಬಣ್ಣ ಕಟ್ಟಬೇಡ.

ಹನಿ ಹಾಕುತ್ತಿದ್ದೇನೆ. ನಾನೇ ಹಾಕುತ್ತಿದ್ದೇನೆ, ಅವರ ಕೈಯಲ್ಲಿ ಕೊಟ್ಟರೆ ಅರ್ಧ ಕೆನ್ನೆಗೆ ಹೋಗುತ್ತದೆ.

ಅಮ್ಮ


ನವೆಂಬರ್ 21

ಅಮ್ಮಾ,

ಮಕ್ಕಳನ್ನು ಓದಿಸಲು ನನಗೆ ಯಾರೂ ಬೇಕಾಗಿಲ್ಲ. ಬೇಕಾದಷ್ಟು ದಿನ ತಿರುಗಾಡಿ.

ಒಂದೇ ಮಾತು. ಬೆಳಕು ಇಳಿದ ಮೇಲೆ ಅಪ್ಪ ಸ್ಟೀರಿಂಗ್ ಹಿಡಿಯಬಾರದು. ಇಕ್ಕಟ್ಟಿನ ರಸ್ತೆಯಲ್ಲಿ ಹಗಲಲ್ಲೂ ಬೇಡ. ಕಾರಣ ಕೇಳಬೇಡ, ಒಂದು ಸಲ ನನ್ನ ಮಾತನ್ನು ಹಾಗೇ ಒಪ್ಪಿಕೋ.

ದೊಡ್ಡವಳು


ನವೆಂಬರ್ 29

ದೊಡ್ಡವಳೇ,

ನಿನ್ನ ಪತ್ರ ಈ ಊರಿನ ಅಂಚೆ ಕಚೇರಿಯಲ್ಲಿ ಮೂರು ದಿನ ಬಿದ್ದಿತ್ತು. ನಾನು ತೆಗೆದುಕೊಳ್ಳಲು ಹೋಗುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಒಂದು ಗೀರೂ ಆಗಿಲ್ಲ.

ಇಪ್ಪತ್ತೇಳನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ. ಮೀನು ಬಂದರಿನ ಪಕ್ಕ ಗಾಡಿ ನಿಲ್ಲಿಸಿದ್ದೆವು. ನಾನು ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದೆ. ಮಂಜುಗಡ್ಡೆಯ ಲಾರಿಗೆ ದಾರಿ ಬೇಕಿತ್ತು, ನಿಮ್ಮಪ್ಪ ಎಂಜಿನ್ ಶುರು ಮಾಡಿಕೊಂಡು ನನಗಾಗಿ ಕಾಯುತ್ತಿದ್ದರು. ಅಷ್ಟರಲ್ಲಿ ಮೀನು ಹೊರುವವನೊಬ್ಬ ತಲೆಯ ಮೇಲಿನ ಬುಟ್ಟಿ ವಾಲಿತು ಎಂದು ನಮ್ಮ ಗಾಡಿಗೆ ಕೈ ಊರಿದ. ಒಂದು ಸಲ ಊರಿದ, ಜಾರಿತು, ಇನ್ನೊಂದು ಸಲ ಊರಿ, ಸರಿಮಾಡಿಕೊಂಡು ನಡೆದುಬಿಟ್ಟ. ಎರಡು ತಟ್ಟು. ನಿಮ್ಮಪ್ಪ ಹಿಂದಕ್ಕೆ ತೆಗೆದರು. ಮೀನು ವಿಂಗಡಿಸುವ ಶೆಡ್ಡಿನ ಕಂಬ ಮುರಿದು, ತಗಡಿನ ಮಾಡು ನಮ್ಮ ಗಾಡಿಯ ಬೆನ್ನ ಮೇಲೆ ಕೂತಿತು. ಆ ಕಂಬಕ್ಕೆ ಒರಗಿ ಕೂರುತ್ತಿದ್ದ ಹೆಂಗಸು ಆಗಷ್ಟೇ ಎದ್ದು ಚಹಾ ತರಲು ಹೋಗಿದ್ದಳು.

ಜನ ಸೇರಿದರು. ನಾನು ಕೊಡ ಅಲ್ಲೇ ಬಿಟ್ಟು ಓಡಿಬಂದೆ. "ಕನ್ನಡಿ ನೋಡಬಾರದಿತ್ತೇನ್ರೀ?" ಅಂದೆ. ಅವರು ಸ್ಟೀರಿಂಗ್ ಬಿಟ್ಟಿರಲಿಲ್ಲ. "ನೋಡಿದೆ. ನೋಡಿದ್ರೂ ಕಾಣಲ್ಲ ಕಣೇ. ಎದುರಿಗಿರೋದು ಮಾತ್ರ ಕಾಣುತ್ತೆ, ಪಕ್ಕದ್ದೆಲ್ಲ ಹೊಗೆ" ಅಂದರು. ಆಮೇಲೆ, "ದೊಡ್ಡವಳಿಗೆ ಗೊತ್ತು. ಅವಳನ್ನ ಬೈಬೇಡ" ಅಂದರು.

ಬೈಯುತ್ತೇನೆ. ನಿನಗೆ ಗೊತ್ತಿತ್ತು. ಕಣ್ಣುರಿಗೆ ಹನಿ ಎಂದು ಬರೆದೆ. ಕಾರಣ ಕೇಳಬೇಡ ಎಂದು ಬರೆದೆ. ನಿಮ್ಮಪ್ಪನ ಕಣ್ಣಿನ ವಿಷಯ ನನ್ನಿಂದ ಮುಚ್ಚಿಡಲು ನೀನು ಯಾರು? ಮೊನ್ನೆ ಫೋನಿನಲ್ಲಿ ನೀನು ಬಾಯಿ ತೆರೆಯುವ ಮೊದಲೇ ನಾನು ಇಟ್ಟದ್ದು ಇದಕ್ಕೇ.

ಗಾಡಿ ಈಗ ಶೆಡ್ಡಿನ ಯಜಮಾನಿಯ ಅಂಗಳದಲ್ಲಿ ನಿಂತಿದೆ. ಒಳ್ಳೆಯ ಹೆಂಗಸು, ಗಂಟಲು ಮಾತ್ರ ಮೈಕಿನದ್ದು. ನಿಮ್ಮಪ್ಪ ಕಂಬ ನೆಟ್ಟುಕೊಡುತ್ತಿದ್ದಾರೆ, ನಾನು ಅವಳ ಹರಿದ ನೆರಳು ಪರದೆಗಳನ್ನು ಹೊಲಿಯುತ್ತಿದ್ದೇನೆ. ಅವರು ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ. ಅದನ್ನು ಅವರೇ ಹೇಳಿದರು, ನಾನು ಹೇಳಿಸಲಿಲ್ಲ.

ಅಮ್ಮ


ಡಿಸೆಂಬರ್ 3

ಅಮ್ಮಾ,

ಬೈದದ್ದು ಸರಿ. ಈಗ ನನ್ನದನ್ನೂ ಓದು, ನಡುವೆ ಬಾಯಿ ಹಾಕದೆ.

ಬೇಸಿಗೆಯಲ್ಲಿ ಅಪ್ಪ ಅಂಗಡಿಗೆ ಬಂದು ಕಣ್ಣಿನ ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟರು. ಕಣ್ಣಿನೊಳಗಿನ ಒತ್ತಡ ಏರಿ ಪಕ್ಕದ ನೋಟ ನಾಶವಾಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು. "ನಿಮ್ಮಮ್ಮನಿಗೆ ಹೇಳಬೇಡ. ಅವಳನ್ನ ಒಂದೇ ಒಂದು ಸಲ ಆ ರಸ್ತೆಯಲ್ಲಿ ಕರ್ಕೊಂಡು ಹೋಗ್ತೀನಿ, ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ" ಎಂದರು. ನಾನು ಬೇಡ ಎನ್ನಬೇಕಿತ್ತು. ಅಪ್ಪ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ, ಅದೊಂದೇ ಸಲ ಕೇಳಿದ್ದು. ಹದಿನೈದು ದಿನ ಎಂದು ಗಡುವು ಹಾಕಿ ಹೋಗಲು ಬಿಟ್ಟೆ. ಹದಿನೆಂಟನೇ ತಾರೀಖು ಡಾಕ್ಟರು ಮತ್ತೆ ಒತ್ತಡ ನೋಡಬೇಕಿತ್ತು. ನೀನು ಅದನ್ನು ಪಂಥ ಅಂದುಕೊಂಡೆ, ಆಮೇಲೆ ಮಕ್ಕಳ ಪರೀಕ್ಷೆ ಅಂದುಕೊಂಡೆ. ನಾನು ತಿದ್ದಲಿಲ್ಲ. ನಿನಗೆ ಗೊತ್ತಾದರೆ ಆ ದಿನವೇ ಬೀಗದ ಕೈ ಕಿತ್ತುಕೊಂಡು ಅಪ್ಪನನ್ನು ಕುರ್ಚಿಗೆ ಕೂರಿಸಿಬಿಡುತ್ತೀಯ ಎಂದು ಹೆದರಿದೆ.

ಹದಿನಾಲ್ಕಕ್ಕೆ ನಾವಿಬ್ಬರೂ ಬಸ್ಸಿನಲ್ಲಿ ಬರುತ್ತೇವೆ. ನಿನ್ನ ಅಳಿಯ ಗಾಡಿ ಓಡಿಸಿಕೊಂಡು ಮನೆಗೆ ತರುತ್ತಾರೆ. ದಯವಿಟ್ಟು ಅಲ್ಲಿಂದ ಅಲುಗಬೇಡಿ.

ದೊಡ್ಡವಳು


ಡಿಸೆಂಬರ್ 8

ದೊಡ್ಡವಳೇ,

ಬರಬೇಡ. ಗಾಡಿ ಓಡಿಸಲು ಅಳಿಯಂದಿರೂ ಬೇಕಾಗಿಲ್ಲ. ನಾನು ಕಲಿಯುತ್ತಿದ್ದೇನೆ.

ನಗುವುದಿದ್ದರೆ ಈಗಲೇ ನಕ್ಕು ಮುಗಿಸು. ಅರವತ್ತಮೂರಕ್ಕೆ ಕಲಿಯಬಾರದು ಎಂದು ಕಾನೂನಿಲ್ಲ, ಕೇಳಿದ್ದೇನೆ. ಕಲಿಯುವವರ ಚೀಟಿ ಸಿಕ್ಕಿದೆ. ಬೆಳಿಗ್ಗೆ ಡ್ರೈವಿಂಗ್ ಶಾಲೆಯ ಕಾರು. ಕಲಿಸುವವಳು ನಿನಗಿಂತ ಚಿಕ್ಕವಳು. "ಆಂಟಿ, ಬ್ರೇಕಿನ ಮೇಲೆ ಸಿಟ್ಟು ತೀರಿಸ್ಕೋಬೇಡಿ, ಅದು ನಿಮ್ಮ ಸೊಸೆ ಅಲ್ಲ" ಎನ್ನುತ್ತಾಳೆ. ಮಧ್ಯಾಹ್ನದ ಮೇಲೆ, ಮುಚ್ಚಿಹೋದ ಮಂಜುಗಡ್ಡೆ ಕಾರ್ಖಾನೆಯ ಕಾಂಪೌಂಡಿನೊಳಗೆ ನಮ್ಮದೇ ಗಾಡಿ, ಲಾರಿಯವನು ಅಲ್ಲಿಗೆ ತಂದು ಬಿಟ್ಟಿದ್ದಾನೆ. ಅಲ್ಲಿ ಖಾಲಿ ಡ್ರಮ್ಮುಗಳಲ್ಲದೆ ಬೇರೆ ಯಾರೂ ಇಲ್ಲ. ನಿಮ್ಮಪ್ಪ ಪಕ್ಕದಲ್ಲಿ ಕೂತು ಕಿವಿಯಿಂದಲೇ ಕಲಿಸುತ್ತಾರೆ. ಎಂಜಿನ್ನಿನ ಸದ್ದು ಕೇಳಿದರೆ ಸಾಕು, ನನ್ನ ಕಾಲು ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತದೆ. "ಕ್ಲಚ್ಚಿನ ಮೇಲೆ ಕಾಲು ನಿದ್ದೆ ಮಾಡ್ತಿದೆ, ಎಬ್ಬಿಸು." "ಗೇರು ಕೇಳಿ ಹಾಕು, ಕಿತ್ತುಕೊಳ್ಳಬೇಡ." ನಲವತ್ತು ವರ್ಷ ನಾನು ಹೇಳಿದೆ, ಅವರು ಕೇಳಿದರು. ಈಗ ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಅವರಿಗೆ ಇದು ರುಚಿಸಿದೆ, ನನಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬರೆಯಬೇಕು. ಎರಡು ಸಲ ಬರೆದು ಹರಿದೆ.

ನಿನ್ನನ್ನು ಬೈದೆ. ಆದರೆ ನನಗೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಬೇಸಿಗೆಯಿಂದ ಅವರು ಲೋಟದ ಪಕ್ಕ ಚಹಾ ಬಗ್ಗಿಸುತ್ತಿದ್ದರು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ತಟ್ಟುವ ಏರ್ಪಾಡು ಬಸ್ಸಿನ ಪದ್ಧತಿ ಎಂದು ನಿನಗೆ ಬರೆದೆ. ಅದನ್ನು ಬೇಕೆಂದು ಹಟ ಹಿಡಿದು ಶುರು ಮಾಡಿಸಿದ್ದು ನಾನು. ಅವರ ಕಣ್ಣು ಸಾಲದಿದ್ದರೆ ನನ್ನ ಕೈ ಸಾಕು ಅಂದುಕೊಂಡೆ. ಮಗಳಿಗೆ ಗೊತ್ತಾದರೆ ಪ್ರಯಾಣ ನಿಲ್ಲಿಸುತ್ತಾಳೆ ಎಂದು ಆ ಬೀದಿ ದೀಪದ ಕಂಬವನ್ನು ರಸ್ತೆಗೆ ಬಾಗಿಸಿ ಬರೆದೆ. ಆ ಕಂಬ ನೆಟ್ಟಗೇ ಇತ್ತು. ಚಹಾ ತರಲು ಎದ್ದು ಹೋದ ಆ ಹೆಂಗಸು ಇನ್ನೊಂದು ನಿಮಿಷ ಕೂತಿದ್ದರೆ ಅದು ನನ್ನ ತಲೆಗೆ ಬರಬೇಕಾದ ಪಾಪ, ಅವರ ತಲೆಗಲ್ಲ. ಮೂವರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೇವೆ. ಬೇರೆ ಯಾರ ಮನೆಯಲ್ಲಾದರೂ ಹೀಗೆ ಆಗಿದ್ದರೆ ಪೆದ್ದರು ಎನ್ನುತ್ತಿದ್ದೆ.

ಹಾಗಾದರೆ ಹಿಂತಿರುಗಬಾರದೇ ಎನ್ನುತ್ತೀಯ. ನಾನೂ ಒಂದು ದಿನ ಹಾಗೇ ಯೋಚಿಸಿದೆ. ಕಂಬ ನೆಟ್ಟು ಮುಗಿದ ಸಂಜೆ ಅಂಗಳದ ಕಟ್ಟೆಯ ಮೇಲೆ ಕೂತಿದ್ದೆವು. ಅವರು ಕತ್ತು ತಿರುಗಿಸಿ ಒಂದೇ ಕಡೆ ನೋಡುತ್ತಿದ್ದರು. ಏನು ಅಂದೆ. "ಮೂವತ್ತೊಂದು ವರ್ಷ ಇದರ ಪಕ್ಕದಲ್ಲೇ ಬಸ್ ಓಡಿಸಿದೆ. ಐವತ್ತು ಜನ ಹಿಂದೆ ಕೂತಿರೋವಾಗ ಡ್ರೈವರ್ ಸಮುದ್ರ ನೋಡಬಾರದು. ನಾನು ನೋಡಿದ್ದು ಬರೀ ರಸ್ತೆ" ಅಂದರು. ಮತ್ತೆ ನೀರಿನ ಕಡೆ ತಿರುಗಿ, "ಇಷ್ಟು ಅಗಲ ಇದೆ ಅಂತ ಗೊತ್ತಿರಲಿಲ್ಲ" ಅಂದರು.

ಉಳಿದಿರುವ ರಸ್ತೆ ಇನ್ನೂರ ಹತ್ತು ಕಿಲೋಮೀಟರು. ಅಷ್ಟನ್ನೂ ಅವರು ಕಿಟಕಿಯ ಪಕ್ಕ ಕೂತು ನೋಡಿಕೊಂಡು ಹೋಗಬೇಕು. ನಾನು ಓಡಿಸುತ್ತೇನೆ. ಹದಿನೇಳಕ್ಕೆ ಪರೀಕ್ಷೆ.

ಅಮ್ಮ


ಡಿಸೆಂಬರ್ 12

ಅಮ್ಮಾ,

ಬಸ್ಸಿನ ಟಿಕೆಟ್ ರದ್ದು ಮಾಡಿದೆ. ಸೋತು ಅಲ್ಲ, ಷರತ್ತಿನ ಮೇಲೆ. ಹನಿ ಒಂದು ಹೊತ್ತೂ ತಪ್ಪಬಾರದು. ಆ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೆ ಅಪ್ಪನಿಗೆ ಸಮಯ ಗೊತ್ತು ಮಾಡಿದ್ದೇನೆ, ಕರೆದುಕೊಂಡು ಹೋಗು. ಲೈಸೆನ್ಸ್ ಕೈಗೆ ಬರದೆ ಗಾಡಿ ಗೇಟು ದಾಟಬಾರದು.

ಫೇಲಾದರೆ? ಹತ್ತನೇ ತರಗತಿಯಲ್ಲಿ ನಾನು ಗಣಿತದಲ್ಲಿ ಫೇಲಾದಾಗ ನೀನು ಅಂಕಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ್ದೆ. ನಿನ್ನದನ್ನು ಎಲ್ಲಿ ಅಂಟಿಸಲಿ?

ದೊಡ್ಡವಳು


ಡಿಸೆಂಬರ್ 18

ದೊಡ್ಡವಳೇ,

ಫೇಲ್.

ಶಾಲೆಯ ಕಾರನ್ನು ರಸ್ತೆಯಲ್ಲಿ ಚೆನ್ನಾಗಿ ಓಡಿಸಿದೆ. ಏರಿನಲ್ಲಿ ನಿಲ್ಲಿಸಿ ಜಾರದೆ ಹತ್ತಿಸಿದೆ. ಕೊನೆಗೆ ಅಧಿಕಾರಿ ಎರಡು ಕಂಬಗಳ ನಡುವೆ ಹಿಂದಕ್ಕೆ ತೆಗೆಯಲು ಹೇಳಿದರು. ಗೇರು ಹಾಕಿದೆ, ಕನ್ನಡಿಗಳನ್ನು ನೋಡಿದೆ, ಕಾದೆ. ಅವರೂ ಕಾದರು. "ಯಾಕಮ್ಮ ನಿಂತ್ರಿ?" ಅಂದರು. "ಇನ್ನೂ ತಟ್ಟಲಿಲ್ಲವಲ್ಲ ಸಾರ್" ಅಂದೆ. ಅವರಿಗೆ ಅರ್ಥವಾಗುವ ಮೊದಲೇ, ಹಗ್ಗದ ಆಚೆ ನಿಂತಿದ್ದ ನಿಮ್ಮಪ್ಪ ತಡೆಯಲಾರದೆ ಹಗ್ಗದಡಿ ನುಸುಳಿ ಬಂದು ಕಾರಿಗೆ ಎರಡು ಸಲ ತಟ್ಟಿದರು. ನಾನು ಲಟಕ್ಕನೆ ಹಿಂದಕ್ಕೆ ತೆಗೆದು ಒಂದೇ ಏಟಿಗೆ ನಿಲ್ಲಿಸಿದೆ. ಇಷ್ಟು ನೇರವಾಗಿ ಯಾರೂ ನಿಲ್ಲಿಸಿಲ್ಲ ಎಂದು ಅಧಿಕಾರಿಯೇ ಹೇಳಿದರು. ಹೇಳಿ, ಹೊರಗಿನವರ ಸಹಾಯ ಎಂದು ಬರೆದು ಫೇಲು ಮಾಡಿದರು.

ಮೂವತ್ತು ವರ್ಷ ಹುಡುಗಿಯರ ಹೊಲಿಗೆ ಬಿಚ್ಚಿಸಿದ್ದೇನೆ. ಎಷ್ಟು ಜನ ತರಗತಿಯ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡರೋ, ಆಗ ನೋಡಲಿಲ್ಲ. ಮುಂದಿನ ಪರೀಕ್ಷೆ ಜನವರಿ ಎರಡಕ್ಕೆ. ದಿನಕ್ಕೆ ಐವತ್ತು ಸಲ ಹಿಂದಕ್ಕೆ ತೆಗೆಯುತ್ತೇನೆ, ತಟ್ಟಿಸಿಕೊಳ್ಳದೆ. ನಿಮ್ಮಪ್ಪನನ್ನು ಆ ದಿನ ಶೆಡ್ಡಿನ ಯಜಮಾನಿ ಕೈ ಹಿಡಿದು ಕೂರಿಸಿಕೊಳ್ಳುತ್ತಾಳಂತೆ.

ಫೇಲಾದ ಚೀಟಿ ಇದರ ಜೊತೆಗಿದೆ. ನಿನ್ನ ಅಡುಗೆಮನೆಯ ಗೋಡೆಗೆ ಅಂಟಿಸು. ಬಂದವರಿಗೆ ತೋರಿಸು.

ಅಮ್ಮ


ಡಿಸೆಂಬರ್ 24

ಅಮ್ಮಾ,

ಅಂಟಿಸಿದ್ದೇನೆ. ಓದಿ ನಕ್ಕು ನಕ್ಕು ಅಂಗಡಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿಯ ಬದಲು ತಲೆಗೆ ಹಚ್ಚುವ ಎಣ್ಣೆ ಕೊಡುತ್ತಿದ್ದೆ, ಅವರೇ ತಡೆದರು. ಆಮೇಲೆ ಹೊಲಿಗೆ ಬಿಚ್ಚಿಸಿದ ಸಾಲಿಗೆ ಬಂದಾಗ ಶಟರ್ ಅರ್ಧ ಎಳೆದು ಸ್ವಲ್ಪ ಹೊತ್ತು ಒಳಗೆ ಕೂತೆ.

ಆಸ್ಪತ್ರೆಯವರು ಫೋನ್ ಮಾಡಿದ್ದರು. ಒತ್ತಡ ಇಳಿದಿದೆ. ಈಗ ಇರುವಷ್ಟು ನೋಟ ಸದ್ಯಕ್ಕೆ ಉಳಿಯುತ್ತದೆ ಎಂದರು. ನಿನ್ನ ಕೈಯಲ್ಲಿ ಹನಿ ಕೆನ್ನೆಗೆ ಹೋಗುತ್ತಿಲ್ಲ ಎಂದಾಯಿತು.

ಎರಡನೇ ತಾರೀಖು ಬೆಳಿಗ್ಗೆ ನಾನು ಫೋನ್ ಮಾಡುವುದಿಲ್ಲ. ಮಾಡಿದರೆ ಸಲಹೆ ಕೊಟ್ಟುಬಿಡುತ್ತೇನೆ.

ದೊಡ್ಡವಳು


ಜನವರಿ 9

ದೊಡ್ಡವಳೇ,

ಪಾಸಾದದ್ದನ್ನು ಫೋನಿನಲ್ಲಿ ಹೇಳಿದೆ. ಒಂದೂವರೆ ನಿಮಿಷ ಮಾತಾಡಿ, ಜಗಳಕ್ಕೆ ಮೊದಲೇ ಇಬ್ಬರೂ ಇಟ್ಟೆವು. ಈಗ ದೀಪಸ್ತಂಭದ ಕೆಳಗಿನ ಮೈದಾನದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ರಸ್ತೆಯಿಲ್ಲ. ಕಲ್ಲು, ಆಮೇಲೆ ನೀರು.

ಇನ್ನೂರ ಹತ್ತು ಕಿಲೋಮೀಟರಿಗೆ ಆರು ದಿನ ತೆಗೆದುಕೊಂಡೆ. ಗಂಟೆಗೆ ಮೂವತ್ತರ ಮೇಲೆ ಹೋಗಲಿಲ್ಲ. ಹಿಂದಿನವರು ಹಾರನ್ ಹೊಡೆದು ಹೊಡೆದು ದಾಟಿ ಹೋದರು. ಒಬ್ಬ ಕಿಟಕಿಯಿಂದ ತಲೆ ಹಾಕಿ, "ಅಜ್ಜೀ, ಇಳಿದು ತಳ್ಳಲಾ?" ಅಂದ. "ತಳ್ಳೋದಾದ್ರೆ ನಿನ್ನ ಗಾಡಿ ನಿಲ್ಲಿಸಿ ಬಾ" ಅಂದೆ. ಬರಲಿಲ್ಲ.

ನಿಮ್ಮಪ್ಪ ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ನೇರ ನೋಡಿದರೆ ಅವರಿಗೆ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಕತ್ತನ್ನು ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ಒಯ್ಯುತ್ತಾ ತುಂಡು ತುಂಡಾಗಿ ನೋಡುತ್ತಿದ್ದರು. ಒಂದೊಂದು ಸಲ "ಅಗೋ" ಎನ್ನುತ್ತಿದ್ದರು. ನಾನು ತಿರುಗಿದರೆ, "ನೀನು ರಸ್ತೆ ನೋಡು" ಎಂದು ಗದರುತ್ತಿದ್ದರು. ಹಾಗಾಗಿ ಏನು ಕಂಡಿತು ಎಂದು ನನಗೆ ಗೊತ್ತಿಲ್ಲ, ಅವರ ಸ್ವರದಿಂದ ಊಹಿಸಬೇಕಷ್ಟೇ. ಮೂರನೆಯ ದಿನ ಅವರು ಏನೂ ಹೇಳದೆ ತುಂಬ ಹೊತ್ತು ಕೂತರು. ನಿದ್ದೆ ಬಂತೇನೋ ಎಂದು ಗಾಡಿ ಪಕ್ಕಕ್ಕೆ ಹಾಕಿ ನೋಡಿದೆ. ನಿದ್ದೆಯಲ್ಲ. ಮುಖ ಒರೆಸಿಕೊಂಡು, "ಯಾಕೆ ನಿಲ್ಲಿಸಿದೆ? ಹೋಗು" ಅಂದರು. ಹೋದೆ.

ನಲವತ್ತು ದಿನ ಎಂದಿದ್ದೆ, ಅರವತ್ತೆಂಟಾಯಿತು. ಲೆಕ್ಕ ತಪ್ಪಿದ್ದು ನಾನು. ತುದಿ ಮಾತ್ರ ಮುಟ್ಟಿದ್ದೇನೆ.

ನಾಡಿದ್ದು ಗಾಡಿ ತಿರುಗಿಸುತ್ತೇನೆ. ಬರುವಾಗ ಸಮುದ್ರ ಡ್ರೈವರಿನ ಕಡೆಗೆ ಬೀಳುತ್ತದೆ. ನಿಮ್ಮಪ್ಪ ನನ್ನ ಹಿಂದಿನ ಕಿಟಕಿಯ ಹತ್ತಿರ ಮಂಚದ ಮೇಲೆ ಕೂರುತ್ತಾರೆ. ಅವರು ನೋಡಲು ಕೂತ ಮೇಲೆ ನನ್ನ ಪಕ್ಕದ ಸೀಟು ಖಾಲಿ. ಶೆಡ್ಡಿನ ಯಜಮಾನಿಯ ಊರಿನ ತನಕ ಹೇಗೋ ಬರುತ್ತೇನೆ, ಹದಿನೇಳಕ್ಕೆ ಅಲ್ಲಿರುತ್ತೇವೆ. ಅಲ್ಲಿಂದ ಮನೆಗೆ ಎಂಟು ದಿನದ ದಾರಿ.

ಅಲ್ಲಿಗೆ ಬಸ್ಸಿದೆ. ಮಕ್ಕಳ ಪರೀಕ್ಷೆಯೂ ಮುಗಿದಿರಬೇಕು, ಅಳಿಯಂದಿರು ಎಂಟು ದಿನ ಅಂಗಡಿ ನೋಡಿಕೊಳ್ಳಬಲ್ಲರು. ಆ ಸೀಟಿನಲ್ಲಿ ಕೂರುವವರು ನನಗೆ ಬ್ರೇಕು ತೋರಿಸಬಾರದು, ಗೇರು ಹೇಳಬಾರದು, ಉಸಿರನ್ನು ಸದ್ದಾಗುವ ಹಾಗೆ ಎಳೆದುಕೊಳ್ಳಬಾರದು. ನಿನಗೆ ಆಗುವುದಾದರೆ ಬಾ. ಆಗದಿದ್ದರೂ ಬಾ.

ಅಮ್ಮ